ಇಲ್ಲದ ದೇಶಕ್ಕೊಂದು ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷ: ನೂರು ವರ್ಷದ ಇತಿಹಾಸ ಕಟ್ಟುವುದು ಹೇಗೆ?

ನಮ್ಮ ದೇಶದ ಹೆಸರು ಅಲಾಂದಿಯಾ. ನಕ್ಷೆಯಲ್ಲಿ ಹುಡುಕಬೇಡಿ, ಸಿಗೋದಿಲ್ಲ. ನಾನೂ ನನ್ನ ಅಣ್ಣನ ಮಗನೂ ಕಲಬುರಗಿಯ ಮನೆ ಮಾಳಿಗೆ ಮೇಲೆ ಕೂತು ಒಂದು ಬೇಸಿಗೆ ಪೂರ್ತಿ ಕಟ್ಟಿದ ದೇಶ ಅದು. ಹೆಸರು ಬಂದದ್ದು ಆಳಂದ ತಾಲೂಕಿನಿಂದ. ರಾಜಧಾನಿ ಜೆವಾರ್, ಅಂದರೆ ನಮ್ಮ ಜೇವರ್ಗಿ. ಬಂದರು ಸೆಡಾಮ್. ಸೇಡಂಗೆ ಸಮುದ್ರ ಕೊಟ್ಟ ಪುಣ್ಯ ನಮ್ಮದೇ. ಕಲ್ಲಿದ್ದಲು ಗಣಿಗಳಿರುವ ಗುಡ್ಡಗಾಡು ಚಿಂಕೋಲ್. ಅದು ಎಲ್ಲಿಂದ ಬಂತು ಅಂತ ಚಿಂಚೋಳಿಯವರಿಗೆ ಹೇಳಬೇಕಾಗಿಲ್ಲ.

ಹುಡುಗ ಪಿಯುಸಿ ಪರೀಕ್ಷೆ ಮುಗಿಸಿ ಬಂದಿದ್ದ. ನಕ್ಷೆ, ಬಾವುಟ, ನಾಣ್ಯ ಎಲ್ಲ ಸರಸರ ಆಯಿತು. ಪಕ್ಷಗಳಿಗೆ ಬಂದಾಗ ಸಿಕ್ಕಿಹಾಕಿಕೊಂಡ. "ಕಾಕಾ, ಯುರೋಪಿನ್ಯಾಗ ಎಲ್ಲಾ ಕಡಿ ಈ ಕ್ರಿಶ್ಚಿಯನ್ ಡೆಮಾಕ್ರಾಟ್ ಅಂತ ಒಂದು ಪಕ್ಷ ಇರ್ತದಲ್ಲ, ಅದು ಎಡಾನೋ ಬಲಾನೋ?" ಅಂದ. ಅದನ್ನು ನನಗೆ ಬಿಡು ಅಂತ ಹೇಳಿ ಒಂದೇ ರಾತ್ರಿಯಲ್ಲಿ ಬರೆದುಬಿಟ್ಟೆ. ಒಬ್ಬ ಸಜ್ಜನ, ಅವನದೊಂದು ಒಳ್ಳೆ ಭಾಷಣ, 1880ರಲ್ಲಿ ಪಕ್ಷ ಸ್ಥಾಪನೆ, ಮೊದಲ ಚುನಾವಣೆಯಲ್ಲೇ ನೂರಕ್ಕೆ 48 ಮತ. ಬಹಳ ಚೆನ್ನಾಗಿದೆ ಅಂದುಕೊಂಡಿದ್ದೆ. ರಾಜ್ಯಶಾಸ್ತ್ರ ಕಲಿಸುವ ಗೆಳೆಯನೊಬ್ಬ ಓದಿ ಮೂರೇ ಪ್ರಶ್ನೆ ಕೇಳಿದ. ಇವರಿಗೆ ರೊಕ್ಕ ಎಲ್ಲಿಂದ ಬಂತು? ಊರೂರಲ್ಲಿ ಇವರ ಪರವಾಗಿ ಮನೆಮನೆ ಅಡ್ಡಾಡಿದವರು ಯಾರು? 1880ರಲ್ಲಿ ಓಟು ಇದ್ದದ್ದು ಎಷ್ಟು ಜನಕ್ಕೆ? ಒಂದಕ್ಕೂ ಉತ್ತರ ಇರಲಿಲ್ಲ. ಹಾಳೆ ಹರಿದುಹಾಕಿದೆ.

ಈ ಮಾರ್ಗದರ್ಶಿ ಆಮೇಲಿನ ಪ್ರಯತ್ನದ್ದು. ಕಾದಂಬರಿ ಬರೆಯುವವರಿಗೆ, ದೇಶ ಕಟ್ಟುವ ಆಟ ಆಡುವವರಿಗೆ, ಕಾಲೇಜಿನ ಅಣಕು ಸಂಸತ್ತಿಗೆ ತಯಾರಿ ಮಾಡುವವರಿಗೆ ಉಪಯೋಗಕ್ಕೆ ಬಂದೀತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚರ್ಚಿಗೆ ಹೋಗುವವರ ಮತದ ಮೇಲೆ ನಿಲ್ಲುವ ಈ ಪಕ್ಷದ ಇತಿಹಾಸವನ್ನು ಸಿದ್ಧಾಂತದಿಂದ ಶುರು ಮಾಡಬೇಡಿ, ಜಗಳದಿಂದ ಶುರು ಮಾಡಿ. ಮಕ್ಕಳ ಶಾಲೆಯ ಜಗಳ ಆದರೆ ಇನ್ನೂ ಒಳ್ಳೆಯದು.

ಹಂತ 1: ಜನ ಎಣಿಸಿ

ಇದಕ್ಕೆ ಅರ್ಧ ಗಂಟೆ ಸಾಕು. ದೇಶದಲ್ಲಿ ನೂರು ಜನ ಇದ್ದಾರೆ ಅಂದುಕೊಳ್ಳಿ. ಅಲಾಂದಿಯಾದಲ್ಲಿ 60 ಜನ ಕ್ಯಾಥೊಲಿಕ್, 25 ಪ್ರಾಟೆಸ್ಟೆಂಟ್, ಉಳಿದ 15 ಜನ ಬೇರೆ ಧರ್ಮದವರು ಅಥವಾ ಧರ್ಮದ ಗೊಡವೆಯೇ ಬೇಡ ಅನ್ನುವವರು. ಆ 60ರಲ್ಲಿ ವಾರ ತಪ್ಪದೆ ಚರ್ಚಿಗೆ ಹೋಗುವವರು ಎಷ್ಟು ಅಂತ ಬೇರೆ ಬರೆದಿಡಿ. ನಾವು 30 ಅಂತ ಇಟ್ಟೆವು. ಮುಂದಿನ ಲೆಕ್ಕ ಎಲ್ಲ ನಿಲ್ಲುವುದು ಈ ಅಂಕಿಯ ಮೇಲೆ. ಯಾವ ವರ್ಷ ಯಾರಿಗೆ ಮತದ ಹಕ್ಕು ಬಂತು ಅಂತಲೂ ಗುರುತು ಹಾಕಿ. ನಮ್ಮಲ್ಲಿ 1880ಕ್ಕೆ ತೆರಿಗೆ ಕಟ್ಟುವ ಗಂಡಸರಿಗೆ ಮಾತ್ರ, 1919ಕ್ಕೆ ಎಲ್ಲ ಗಂಡಸರಿಗೆ, 1946ಕ್ಕೆ ಹೆಂಗಸರಿಗೆ. ಕೊನೆಯದನ್ನು ಇಟಲಿಯಿಂದ ತೆಗೆದುಕೊಂಡೆವು. ಅಲ್ಲಿ ಹೆಂಗಸರು ದೇಶದ ಮಟ್ಟದಲ್ಲಿ ಮೊದಲ ಸಲ ಮತ ಹಾಕಿದ್ದು 1946ರಲ್ಲಿ, ಕ್ರಿಶ್ಚಿಯನ್ ಡೆಮಾಕ್ರಾಟರಿಗೆ ಅದರಿಂದ ದೊಡ್ಡ ಲಾಭವೇ ಆಯಿತು.

ಹಂತ 2: ಶಾಲೆಯ ಜಗಳ ಹಚ್ಚಿ

ನಿಜವಾದ ಇತಿಹಾಸದಲ್ಲಿ ಏನಾಯಿತು ನೋಡಿ. ಬೆಲ್ಜಿಯಂನಲ್ಲಿ 1879ರಲ್ಲಿ ಲಿಬರಲ್ ಸರ್ಕಾರ ಹೊಸ ಶಾಲಾ ಕಾಯ್ದೆ ತಂದಿತು. ಸರ್ಕಾರಿ ಶಾಲೆಯ ಪಾಠದಿಂದ ಧರ್ಮವನ್ನು ಹೊರಗಿಟ್ಟಿತು. ಬಿಷಪ್‌ಗಳು ಸುಮ್ನೆ ಕೂರಲಿಲ್ಲ. ಆ ಶಾಲೆಗೆ ಮಕ್ಕಳನ್ನು ಕಳಿಸುವ ತಂದೆತಾಯಿಗೆ, ಅಲ್ಲಿ ಕಲಿಸುವ ಮೇಷ್ಟ್ರಿಗೆ ಚರ್ಚಿನ ಸಂಸ್ಕಾರ ಕೊಡೋದಿಲ್ಲ ಅಂದರು. ಊರೂರಲ್ಲಿ ಚಂದಾ ಎತ್ತಿ ಪೈಪೋಟಿ ಶಾಲೆ ತೆಗೆದರು. ಐದೇ ವರ್ಷಕ್ಕೆ, 1884ರಲ್ಲಿ, ಕ್ಯಾಥೊಲಿಕ್ ಪಕ್ಷ ಗೆದ್ದಿತು. ಮೊದಲ ಮಹಾಯುದ್ಧದವರೆಗೆ ಅಧಿಕಾರ ಬಿಡಲೇ ಇಲ್ಲ.

ನೆದರ್ಲೆಂಡ್ಸ್‌ನಲ್ಲೂ ಇದೇ ಕಥೆ. ಆದರೆ ಅಲ್ಲಿ ಜಗಳಕ್ಕೆ ಇಳಿದವರಲ್ಲಿ ಪ್ರಾಟೆಸ್ಟೆಂಟರು ಮುಂದೆ. ಅಬ್ರಹಾಂ ಕೈಪರ್ ಅನ್ನುವ ಪಾದ್ರಿ 1872ರಲ್ಲಿ ಪತ್ರಿಕೆ ಶುರು ಮಾಡಿದ. 1878ರಲ್ಲಿ ಹೊಸ ಶಾಲಾ ಕಾಯ್ದೆಯ ವಿರುದ್ಧ ರಾಜನಿಗೆ ಕೊಟ್ಟ ಮನವಿಗೆ 3 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಮರುವರ್ಷ ಪಕ್ಷ, ಅದರ ಮರುವರ್ಷ ಸ್ವಂತ ವಿಶ್ವವಿದ್ಯಾಲಯ. ಕ್ರಮ ಗಮನಿಸಿದಿರಾ? ಮೊದಲು ಪತ್ರಿಕೆ, ಆಮೇಲೆ ಸಹಿ, ಆಮೇಲೆ ಪಕ್ಷ. 1901ರಲ್ಲಿ ಅವನು ಪ್ರಧಾನಿಯೂ ಆದ. ಖಾಸಗಿ ಧಾರ್ಮಿಕ ಶಾಲೆಗೂ ಸರ್ಕಾರಿ ಶಾಲೆಗೂ ಸಮ ಅನುದಾನ ಅಂತ ಸಂವಿಧಾನದಲ್ಲೇ ಬರೆಸುವ ಹೊತ್ತಿಗೆ 1917 ಆಗಿತ್ತು. ಅದೇ ಒಪ್ಪಂದದಲ್ಲಿ ಎಲ್ಲ ಗಂಡಸರಿಗೂ ಮತದ ಹಕ್ಕು ಬಂತು. ಒಬ್ಬರಿಗೆ ಶಾಲೆ, ಇನ್ನೊಬ್ಬರಿಗೆ ಓಟು. ರಾಜಕೀಯ ಅಂದರೆ ಹೀಗೇ ಕೊಡು-ಕೊಳ್ಳು ಅಲ್ವಾ?

ಜರ್ಮನಿಯಲ್ಲಿ ಜಗಳ ಇನ್ನೂ ಒರಟು. 1870ರಲ್ಲಿ ಹುಟ್ಟಿದ ಸೆಂಟ್ರುಮ್ ಪಕ್ಷ, ಅಂದರೆ ಕೇಂದ್ರ ಪಕ್ಷ, ಕ್ಯಾಥೊಲಿಕರದು. ಆಗಿನ ಚಾನ್ಸಲರ್ ಬಿಸ್ಮಾರ್ಕ್ ಜೆಸುಯಿಟ್ ಪಾದ್ರಿಗಳನ್ನು ನಿಷೇಧಿಸಿದ, ಪಾದ್ರಿಗಳ ನೇಮಕಕ್ಕೂ ಕೈ ಹಾಕಿದ, ಒಪ್ಪದ ಬಿಷಪ್‌ಗಳನ್ನು ಜೈಲಿಗೆ ಕಳಿಸಿದ. ಫಲ ಏನಾಯಿತು? 1871ರಲ್ಲಿ 63 ಸೀಟಿದ್ದ ಪಕ್ಷ 1874ರಲ್ಲಿ 91ಕ್ಕೆ ಏರಿತು. ಹೊಡೆತ ಬಿದ್ದಷ್ಟೂ ಬೆಳೆಯಿತು.

ಈಗ ನಿಮ್ಮ ದೇಶದಲ್ಲಿ ಇಂಥದ್ದೊಂದು ಜಗಳ ಆಗಬೇಕು. ಕಾಯ್ದೆಯ ಹೆಸರು, ಮಂತ್ರಿಯ ಹೆಸರು ಇವೆಲ್ಲ ಕೊನೆಗೆ ನೋಡೋಣ. ಮೊದಲು ಒಂದೇ ಒಂದು ಶಾಲೆ ಹಿಡಿಯಿರಿ. ನಾವು ಹಿಡಿದದ್ದು ಚಿಂಕೋಲ್ ಗಣಿ ಊರಿನ ಒಂದು ಕೋಣೆಯ ಶಾಲೆ.

1881ರ ಚಳಿಗಾಲ. ಸರ್ಕಾರದ ಹಣ ಪಡೆಯುವ ಶಾಲೆಯಲ್ಲಿ ಶಿಲುಬೆ ಇರಕೂಡದು, ಸನ್ಯಾಸಿನಿಯರು ಪಾಠ ಮಾಡಕೂಡದು ಅಂತ ಆದೇಶ ಬಂದಿದೆ. ಇನ್‌ಸ್ಪೆಕ್ಟರ್ ಬೆಳಿಗ್ಗೆ ಬಂದ. ಸ್ಟೂಲ್ ಹತ್ತಿ ಗೋಡೆಯ ಮೇಲಿನ ಮರದ ಶಿಲುಬೆ ತೆಗೆದು ಚೀಲಕ್ಕೆ ಹಾಕಿಕೊಂಡ, ರಸೀದಿ ಬರೆದುಕೊಟ್ಟು ಹೋದ. ಅದು ಗಣಿ ಊರು. ಗೋಡೆ ಇಪ್ಪತ್ತು ವರ್ಷದ ಕಲ್ಲಿದ್ದಲ ಮಸಿ ಹಿಡಿದು ಕಪ್ಪಾಗಿತ್ತು. ಶಿಲುಬೆ ಇದ್ದ ಜಾಗ ಮಾತ್ರ ಬೆಳ್ಳಗೆ ಉಳಿಯಿತು. ಮರದ ಶಿಲುಬೆಗಿಂತ ಆ ಬಿಳಿ ಗುರುತೇ ದೂರಕ್ಕೆ ಕಾಣುತ್ತಿತ್ತು. ಸುಣ್ಣ ಬಳಿಯೋಕೆ ಊರಲ್ಲಿ ಒಬ್ಬನೂ ಒಪ್ಪಲಿಲ್ಲ. ಮುಂದಿನ ಸೋಮವಾರ 41 ಮಕ್ಕಳಲ್ಲಿ ಇಬ್ಬರು ಬಂದರು, ಇಬ್ಬರೂ ಪೊಲೀಸನ ಮಕ್ಕಳು. ಉಳಿದವರ ತಾಯಂದಿರು ಮನೆಯಿಂದ ಒಂದೊಂದು ಮುಕ್ಕಾಲಿ ಹೊತ್ತುಕೊಂಡು ಹಿಟ್ಟಿನ ಗಿರಣಿಯ ಹಿಂದಿನ ಕೊಟ್ಟಿಗೆಗೆ ನಡೆದರು. ಯಾರ ಮುಕ್ಕಾಲಿ ಯಾವುದು ಅಂತ ಆಮೇಲೆ ತಕರಾರು ಬೇಡ ಅಂತ ಗಿರಣಿಯ ಗುಮಾಸ್ತ ಒಂದು ವಹಿಯಲ್ಲಿ ಹೆಸರು ಬರೆದುಕೊಂಡ. 39 ಹೆಸರು.

ಆ ಮುಕ್ಕಾಲಿ ಪಟ್ಟಿಯೇ ಪಕ್ಷದ ಮೊದಲ ಸದಸ್ಯರ ಪಟ್ಟಿ. ಮಜಾ ಏನಂದರೆ ಅದರಲ್ಲಿ ಇದ್ದವರೆಲ್ಲ ಹೆಂಗಸರು, ಮತ ಹಾಕೋಕೆ ಇನ್ನೂ 65 ವರ್ಷ ಕಾಯಬೇಕಾದವರು. ಈ ಒಂದು ದೃಶ್ಯ ಬರೆದ ಮೇಲೆ ನಮ್ಮ ಕೆಲಸ ಹಗುರಾಯಿತು. ಮುಂದೆ ಎಲ್ಲಿ ಕಟ್ಟಿಕೊಂಡರೂ ಈ ಕೊಟ್ಟಿಗೆಗೆ ವಾಪಸ್ ಬಂದು ನೋಡುತ್ತಿದ್ದೆವು.

ಹಂತ 3: ಪಕ್ಷಕ್ಕಿಂತ ಮೊದಲು ಸೊಸೈಟಿ ಕಟ್ಟಿ

ಹೆಚ್ಚಿನವರು ಎಡವುವುದು ಇಲ್ಲಿ. ಪಕ್ಷ ಅಂದರೆ ನಾಯಕ, ಪ್ರಣಾಳಿಕೆ, ಸಭೆ ಅಂದುಕೊಂಡು ಬರೆಯುತ್ತಾರೆ. ಈ ಪಕ್ಷದ ಬೇರು ಇರುವುದು ಸಾಲ ಕೊಡುವ ಸಂಘದಲ್ಲಿ, ರೈತರ ಒಕ್ಕೂಟದಲ್ಲಿ, ಕ್ರೈಸ್ತ ಕಾರ್ಮಿಕ ಸಂಘದಲ್ಲಿ, ಹೆಣ ಹೂಳುವ ಖರ್ಚಿಗೆ ತಿಂಗಳಿಗಿಷ್ಟು ಅಂತ ಕಟ್ಟುವ ನಿಧಿಯಲ್ಲಿ, ಆಸ್ಪತ್ರೆಯಲ್ಲಿ, ಫುಟ್‌ಬಾಲ್ ತಂಡದಲ್ಲಿ. ಡಚ್ಚರು ಇದನ್ನು ಕಂಬಗಳ ಸಮಾಜ ಅನ್ನುತ್ತಾರೆ. ಕ್ಯಾಥೊಲಿಕರಿಗೊಂದು ಕಂಬ, ಪ್ರಾಟೆಸ್ಟೆಂಟರಿಗೊಂದು, ಸಮಾಜವಾದಿಗಳಿಗೊಂದು. ಹುಟ್ಟಿದ ಮಗು ತನ್ನ ಕಂಬದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು, ಅದರ ಶಾಲೆಯಲ್ಲಿ ಓದಿ, ಅದರ ಪತ್ರಿಕೆ ತರಿಸಿ, ಅದರ ರೇಡಿಯೊ ಕೇಳಿ, ಅದರ ಪಕ್ಷಕ್ಕೆ ಮತ ಹಾಕಿ, ಅದರ ಸ್ಮಶಾನದಲ್ಲಿ ಮಲಗುತ್ತಿತ್ತು.

ಕಲಬುರಗಿ ಕಡೆಯವರಿಗೆ ಇದು ತೀರಾ ಹೊಸದಲ್ಲ. ಹಳ್ಳಿಯಿಂದ ಬಂದ ಹುಡುಗ ಮಠದ ಪ್ರಸಾದ ನಿಲಯದಲ್ಲಿ ಉಂಡು, ಅದೇ ಸಂಸ್ಥೆಯ ಕಾಲೇಜಿನಲ್ಲಿ ಓದಿ, ಅಲ್ಲೇ ನೌಕರಿ ಹಿಡಿದದ್ದನ್ನು ನಾವೆಲ್ಲ ಕಂಡಿದ್ದೇವೆ. ಬೀದರ್‌ನಲ್ಲಿ ಮೆಥೋಡಿಸ್ಟ್ ಸಭೆಯವರು ಚರ್ಚಿನ ಜೊತೆಗೆ ಶಾಲೆ, ದವಾಖಾನೆ ನಡೆಸಿದ್ದೂ ಅದೇ ಜಾತಿಯ ಕೆಲಸ. ಆದರೆ ಎಚ್ಚರ, ಇಲ್ಲಿನ ಮಠದ ರಾಜಕೀಯವನ್ನು ಹಾಗೇ ಎತ್ತಿ ಅಲಾಂದಿಯಾಕ್ಕೆ ಕೂರಿಸಬೇಡಿ. ಅಲ್ಲಿ ಸಂಘಗಳಿಗೆ ಸದಸ್ಯತ್ವ ಇರುತ್ತದೆ, ಚಂದಾ ಪುಸ್ತಕ ಇರುತ್ತದೆ, ಪದಾಧಿಕಾರಿಗಳ ಚುನಾವಣೆ ಇರುತ್ತದೆ. ಮುಂದೆ ಪಕ್ಷದ ಶಾಸಕರು ಬರುವುದು ಆ ಪದಾಧಿಕಾರಿಗಳ ಸಾಲಿನಿಂದ.

ಸಾಲದ ಸಂಘದ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು, ಯಾಕಂದರೆ ಅದರ ಎಳೆ ನಮ್ಮೂರ ತನಕ ಬಂದಿದೆ. ಜರ್ಮನಿಯ ಹಳ್ಳಿಯೊಂದರ ಮೇಯರ್ ಆಗಿದ್ದ ರೈಫೈಜನ್ ಎಂಬಾತ 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ರೈತರ ಸಾಲದ ಸಂಘ ಕಟ್ಟಿದ. ಒಂದೇ ಊರಿನವರು, ಒಬ್ಬರಿಗೊಬ್ಬರು ಪೂರ್ತಿ ಜಾಮೀನು, ಬಡ್ಡಿ ಸಾಹುಕಾರನಿಂದ ಬಿಡುಗಡೆ. ಅವನು ಪ್ರಾಟೆಸ್ಟೆಂಟ್. ಆದರೆ ಕ್ಯಾಥೊಲಿಕ್ ಊರುಗಳ ಪಾದ್ರಿಗಳೂ ಇದೇ ಮಾದರಿ ಹಿಡಿದು ಊರೂರಲ್ಲಿ ಸಂಘ ಮಾಡಿದರು. ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಯುರೋಪಿನ ಈ ಸಂಘಗಳನ್ನು ನೋಡಿ ಬಂದು ಬರೆದ ವರದಿಯ ಸಾರ, ಭಾರತಕ್ಕೂ ಒಬ್ಬ ರೈಫೈಜನ್ ಬೇಕು ಅಂತ. 1904ರಲ್ಲಿ ಇಲ್ಲಿ ಸಹಕಾರಿ ಕಾಯ್ದೆ ಬಂತು. ಮರುವರ್ಷ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಂಘ ತೆರೆದರು. ಹಳ್ಳಿಯ ಸೊಸೈಟಿಗೆ ಹೋಗಿ ತೊಗರಿ ಬೀಜಕ್ಕೆ ಸಾಲ ಎತ್ತುವಾಗ ಇದು ನೆನಪಿಗೆ ಬರುವುದಿಲ್ಲ, ಅದು ಬೇರೆ ಮಾತು.

ಹಾಗಾಗಿ ಒಂದು ಕೆಲಸ ಮಾಡಿ. ನಿಮ್ಮ ಊರಿನ ಸೊಸೈಟಿಯ ಕಾರ್ಯದರ್ಶಿಯನ್ನು ಒಂದು ಮಧ್ಯಾಹ್ನ ಮಾತಿಗೆ ಕೂರಿಸಿ. ಯಾರಿಗೆ ಸಾಲ ಬೇಗ ಸಿಗುತ್ತದೆ, ಯಾರದು ತಡವಾಗುತ್ತದೆ, ನಿರ್ದೇಶಕರ ಚುನಾವಣೆಗೆ ಯಾಕೆ ಅಷ್ಟು ಪೈಪೋಟಿ ಅಂತ ಕೇಳಿ. ಪಕ್ಷದ ಒಳಗಿನ ಜೀವ ಗೊತ್ತಾಗುತ್ತದೆ. ನಮ್ಮ ಅಲಾಂದಿಯಾದ ಅರ್ಧ ಇತಿಹಾಸ ಅಂಥ ಒಂದು ಮಾತುಕತೆಯಿಂದ ಬಂತು, ಒಂದು ತಟ್ಟೆ ಸುಸಲಾ, ನಾಲ್ಕು ಮಿರ್ಚಿ ಖರ್ಚಿನಲ್ಲಿ.

ಜಾಲ ಇಲ್ಲದೆ ಪಕ್ಷ ಕಟ್ಟಿದರೆ ಏನಾಗುತ್ತದೆ? ಫ್ರಾನ್ಸ್ ನೋಡಿ. ಅಲ್ಲಿನ ಕ್ರಿಶ್ಚಿಯನ್ ಡೆಮಾಕ್ರಾಟರ ಪಕ್ಷ ಎಂಆರ್‌ಪಿ 1944ರಲ್ಲಿ ಹುಟ್ಟಿ 1946ರ ಜೂನ್ ಚುನಾವಣೆಯಲ್ಲಿ ಮೊದಲ ಸ್ಥಾನಕ್ಕೇ ಬಂತು. ಮರುವರ್ಷ ಯುದ್ಧಕಾಲದ ನಾಯಕ ದ ಗಾಲ್ ತನ್ನದೇ ಪಕ್ಷ ತೆಗೆದ ಕೂಡಲೇ ಮತದಾರರು ಅತ್ತ ಸರಿದರು. 1967ಕ್ಕೆ ಪಕ್ಷವೇ ಮುಚ್ಚಿತು.

ಹಂತ 4: ವಿಚಾರ, ಒಂದೇ ಪುಟದಲ್ಲಿ

ಈಗ ಸಿದ್ಧಾಂತ ಬರಲಿ. 1891ರಲ್ಲಿ ಪೋಪ್ 13ನೇ ಲಿಯೊ 'ರೇರುಮ್ ನೊವಾರುಮ್' ಅನ್ನುವ ಪತ್ರ ಹೊರಡಿಸಿದರು. ಖಾಸಗಿ ಆಸ್ತಿ ತಪ್ಪಲ್ಲ, ಆದರೆ ಕೂಲಿಕಾರನಿಗೆ ಬದುಕುವಷ್ಟು ಕೂಲಿ ಸಿಗಬೇಕು, ಸಂಘ ಕಟ್ಟುವುದು ಅವನ ಹಕ್ಕು, ವರ್ಗಗಳ ಹೊಡೆದಾಟ ಬೇಡ. 1931ರಲ್ಲಿ 11ನೇ ಪಿಯಸ್ ಇನ್ನೊಂದು ಪತ್ರ ಬರೆದು ಕೆಳಗಿನವರು ಮಾಡಬಲ್ಲ ಕೆಲಸವನ್ನು ಮೇಲಿನವರು ಕಿತ್ತುಕೊಳ್ಳಬಾರದು ಅಂದರು. ಗ್ರಾಮ ಪಂಚಾಯಿತಿ ಹಾಕಿಸಬಹುದಾದ ಬೋರ್‌ವೆಲ್‌ಗೆ ಬೆಂಗಳೂರಿನಿಂದ ಸಹಿ ಬರುವ ತನಕ ಕಾದವರಿಗೆ ಈ ತತ್ವ ಬೇಗ ಅರ್ಥವಾಗುತ್ತದೆ.

ಹುಡುಗನ ಎಡಾನೋ ಬಲಾನೋ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಮದುವೆ, ವಿಚ್ಛೇದನ, ಶಾಲೆ ಅಂದಾಗ ಬಲಕ್ಕೆ. ಕೂಲಿ, ಪಿಂಚಣಿ, ಮನೆ ಅಂದಾಗ ಎಡಕ್ಕೆ. ಪಕ್ಷದೊಳಗೆ ಗಣಿ ಕಾರ್ಮಿಕರೂ ಇರುತ್ತಾರೆ, ಗಣಿ ಮಾಲೀಕರೂ ಇರುತ್ತಾರೆ. ಇಬ್ಬರೂ ಒಂದೇ ಚರ್ಚಿನಲ್ಲಿ ಮಂಡಿಯೂರುತ್ತಾರೆ. ಅವರನ್ನು ಒಂದೇ ಪಟ್ಟಿಯಲ್ಲಿ ಹಿಡಿದಿಡುವುದೇ ನಾಯಕನ ಕೆಲಸ. ನಿಮ್ಮ ಪಕ್ಷಕ್ಕೆ ಕಡಿಮೆ ಅಂದರೂ ಮೂರು ಬಣ ಬೇಕು. ಕಾರ್ಮಿಕರದು, ರೈತರದು, ವ್ಯಾಪಾರಿಗಳದು. ಟಿಕೆಟ್ ಹಂಚುವಾಗ ಈ ಮೂರೂ ಕಿತ್ತಾಡಬೇಕು.

ಹಂತ 5: ಪೋಪ್ ಮಾತು ಮೀರಿಸಿ

ಬಿಷಪ್ ಹೇಳಿದರು, ಪಕ್ಷ ಕೇಳಿತು ಅಂತ ಬರೆದರೆ ಕಥೆ ಸಪ್ಪೆ. ಅದು ನಿಜವೂ ಅಲ್ಲ. ಇಟಲಿಯ ಸೈನ್ಯ 1870ರಲ್ಲಿ ಪೋಪರ ಕೈಯಲ್ಲಿದ್ದ ರೋಮ್ ನಗರವನ್ನೇ ಕಿತ್ತುಕೊಂಡ ಮೇಲೆ, ಆ ದೇಶದ ಚುನಾವಣೆಗೆ ಕ್ಯಾಥೊಲಿಕರು ಹೋಗಕೂಡದು ಅನ್ನುವುದು ಪೋಪರ ಕಟ್ಟಪ್ಪಣೆ. 1901ರಲ್ಲಿ ಅದೇ 13ನೇ ಲಿಯೊ 'ಕ್ರಿಶ್ಚಿಯನ್ ಡೆಮಾಕ್ರಸಿ' ಅನ್ನುವ ಮಾತನ್ನು ಬಳಸಬಹುದು, ಆದರೆ ಅದು ಬಡವರ ಸೇವೆಗೆ ಮಾತ್ರ, ರಾಜಕೀಯಕ್ಕಲ್ಲ ಅಂದರು. ಸಿಸಿಲಿಯ ಪಾದ್ರಿ ಲುಯಿಜಿ ಸ್ಟುರ್ಜೊ ಜನತಾ ಪಕ್ಷ ಕಟ್ಟಲು 1919 ಬರಬೇಕಾಯಿತು. ಅದೇ ವರ್ಷ 100 ಸೀಟು ಗೆದ್ದರು. ಪಕ್ಷದ ಹೆಸರಲ್ಲಿ 'ಕ್ರೈಸ್ತ' ಅನ್ನುವ ಪದ ಇರಲಿಲ್ಲ, ಬೇಕಂತಲೇ. ಫ್ಯಾಸಿಸ್ಟರು ಬಲ ಹೆಚ್ಚಿಸಿಕೊಂಡಾಗ ವ್ಯಾಟಿಕನ್ ಅವನ ಬೆನ್ನಿಗೆ ನಿಲ್ಲಲಿಲ್ಲ. 1924ರಲ್ಲಿ ದೇಶ ಬಿಟ್ಟು ಹೋದವನು ತಿರುಗಿ ಬಂದದ್ದು 1946ರಲ್ಲಿ.

ಜರ್ಮನಿಯಲ್ಲಿ 1887ರಲ್ಲಿ ಬಿಸ್ಮಾರ್ಕ್‌ಗೆ ಸೈನ್ಯದ ಖರ್ಚಿನ ಮಸೂದೆ ಪಾಸಾಗಬೇಕಿತ್ತು. ಬೆಂಬಲ ಕೊಡಿ ಅಂತ ಸ್ವತಃ ಪೋಪ್ ಕಡೆಯಿಂದ ಸೆಂಟ್ರುಮ್ ನಾಯಕ ವಿಂಟ್‌ಹೋರ್ಸ್ಟ್‌ಗೆ ಸೂಚನೆ ಬಂತು. ಧರ್ಮದ ವಿಷಯಕ್ಕೆ ನಿಮ್ಮ ಮಾತು, ಸಂಸತ್ತಿನ ವಿಷಯಕ್ಕೆ ನಮ್ಮದು ಅಂತ ಅವನು ಒಪ್ಪಲಿಲ್ಲ. ಇಟಲಿಯಲ್ಲಿ 1952ರಲ್ಲಿ ರೋಮ್ ನಗರಸಭೆ ಚುನಾವಣೆಗೆ ಬಲಪಂಥದ ಕಡುಗುಂಪಿನ ಜೊತೆ ಸೇರಿ ಅಂತ ಪೋಪ್ ಕಡೆಯವರು ಒತ್ತಡ ಹಾಕಿದಾಗ ಪ್ರಧಾನಿ ದೆ ಗಾಸ್ಪೆರಿ ಒಪ್ಪಲಿಲ್ಲ. ಆಮೇಲೆ ತಮ್ಮ ಮದುವೆಯ ಮೂವತ್ತನೇ ವರ್ಷಕ್ಕೆ ಪೋಪರ ಭೇಟಿ ಕೇಳಿದರೆ ಸಿಗಲಿಲ್ಲ. ದಿನಾ ಪ್ರಾರ್ಥನೆ ಮಾಡುವ ಮನುಷ್ಯನಿಗೆ ಅದೆಷ್ಟು ಚುಚ್ಚಿರಬೇಕು.

ನಿಮ್ಮ ಇತಿಹಾಸದಲ್ಲೂ ಇಂಥ ಒಂದು ಬಾಗಿಲು ಮುಚ್ಚಲಿ.

ಹಂತ 6: ಕಪ್ಪು ಕಲೆ ಒರೆಸಬೇಡಿ

ತಾನು ಕಟ್ಟಿದ ಪಕ್ಷದ ಮೇಲೆ ಪ್ರೀತಿ ಹುಟ್ಟುತ್ತದೆ, ಸಹಜ. ನನ್ನ ಎರಡನೇ ಪ್ರಯತ್ನದಲ್ಲೂ ಅಲಾಂದಿಯಾದ ಪಕ್ಷ ಹಾಲಿನಲ್ಲಿ ತೊಳೆದಂತಿತ್ತು. ನಿಜ ಹಾಗಿರಲಿಲ್ಲ. 1897ರಿಂದ 1910ರವರೆಗೆ ವಿಯೆನ್ನಾದ ಮೇಯರ್ ಆಗಿದ್ದ ಕಾರ್ಲ್ ಲುಯೇಗರ್ ಕ್ರಿಶ್ಚಿಯನ್ ಸೋಶಿಯಲ್ ಪಕ್ಷದವನು. ಊರಿಗೆ ನೀರು, ಗ್ಯಾಸು, ಟ್ರಾಮು ತಂದ. ಓಟಿಗಾಗಿ ಯಹೂದಿಗಳ ಮೇಲೆ ದ್ವೇಷವನ್ನೂ ಹರಡಿದ. ಅದೇ ಪಕ್ಷದ ಡಾಲ್‌ಫುಸ್, ಆಸ್ಟ್ರಿಯಾದ ಚಾನ್ಸಲರ್, 1933ರಲ್ಲಿ ಸಂಸತ್ತಿಗೆ ಬೀಗ ಹಾಕಿ ಸರ್ವಾಧಿಕಾರಿಯಾದ. ಅದೇ ವರ್ಷ ಮಾರ್ಚ್‌ನಲ್ಲಿ ಹಿಟ್ಲರ್‌ಗೆ ಪೂರ್ತಿ ಅಧಿಕಾರ ಕೊಡುವ ಕಾಯ್ದೆಗೆ ಸೆಂಟ್ರುಮ್ ಪಕ್ಷ ಹೌದು ಅಂದಿತು. ಜುಲೈ ಹೊತ್ತಿಗೆ ಪಕ್ಷವೇ ಇರಲಿಲ್ಲ. ಬಿಸ್ಮಾರ್ಕ್ ಎದುರು ಬಗ್ಗದ ಪಕ್ಷ ಅದು.

ನಾವು ಚಿಂಕೋಲ್‌ನ ಸೊಸೈಟಿಗೆ ಒಂದು ಪಾಪ ಹೊರಿಸಿದೆವು. 1934ರ ಗಣಿ ಮುಷ್ಕರದಲ್ಲಿ ಕೆಂಪು ಸಂಘದವರ, ಅಂದರೆ ಎಡಪಂಥದ ಕಾರ್ಮಿಕ ಸಂಘದವರ ಮನೆಗೆ ಸಾಲ ನಿಲ್ಲಿಸಿತು, ಹಿಟ್ಟೂ ಕೊಡಲಿಲ್ಲ. ಮುಕ್ಕಾಲಿ ಪಟ್ಟಿಯಲ್ಲಿದ್ದವರ ಮೊಮ್ಮಕ್ಕಳೂ ಆ ಮನೆಗಳಲ್ಲಿದ್ದರು.

ಹಂತ 7: ಯುದ್ಧದ ನಂತರದ ಚಿನ್ನದ ಕಾಲ

1945ರ ನಂತರ ಇವರ ಕಾಲ ಬಂತು. ಹಳೆ ಬಲಪಂಥಕ್ಕೆ ಮುಖ ಇಲ್ಲ, ಎಡಕ್ಕೆ ಹೋಗಲು ಭಯ. ಮಧ್ಯದಲ್ಲಿ ಇವರೊಬ್ಬರೇ. ಜರ್ಮನಿಯಲ್ಲಿ ಕ್ಯಾಥೊಲಿಕರೂ ಪ್ರಾಟೆಸ್ಟೆಂಟರೂ ಮೊದಲ ಸಲ ಒಂದೇ ಪಕ್ಷಕ್ಕೆ ಬಂದರು, ಅದೇ ಸಿಡಿಯು. 1917ರಿಂದ 1933ರವರೆಗೆ ಕಲೋನ್ ನಗರದ ಮೇಯರ್ ಆಗಿದ್ದ ಅಡೆನೌವರ್ 1949ರಲ್ಲಿ ಒಂದೇ ಮತದ ಅಂತರದಿಂದ ಚಾನ್ಸಲರ್ ಆದ, ವಯಸ್ಸು 73. ತನ್ನ ಮತ ತನಗೇ ಹಾಕಿಕೊಂಡಿದ್ದ. 1957ಕ್ಕೆ ಪಿಂಚಣಿ ಹೆಚ್ಚಿಸಿ ಚುನಾವಣೆಗೆ ಹೋಗಿ, ಬವೇರಿಯಾದ ಜೋಡಿ ಪಕ್ಷ ಸೇರಿ ನೂರಕ್ಕೆ 50.2 ಮತ ತಂದ. ಘೋಷಣೆ ಏನು ಗೊತ್ತೇ? ಪ್ರಯೋಗ ಬೇಡ. ಅಷ್ಟೇ.

ಇಟಲಿಯಲ್ಲಿ 1948ರ ಏಪ್ರಿಲ್ 18ರ ಚುನಾವಣೆ. ಕಮ್ಯುನಿಸ್ಟರ ಎದುರು ಕ್ರಿಶ್ಚಿಯನ್ ಡೆಮಾಕ್ರಾಟರಿಗೆ ನೂರಕ್ಕೆ 48.5 ಮತ, 574ರಲ್ಲಿ 305 ಸೀಟು. ಮತಗಟ್ಟೆಯ ಮರೆಯಲ್ಲಿ ದೇವರು ನಿನ್ನನ್ನು ನೋಡುತ್ತಾನೆ, ಸ್ಟಾಲಿನ್ ನೋಡುವುದಿಲ್ಲ ಅನ್ನುವುದು ಆಗಿನ ಪೋಸ್ಟರ್. ಸ್ಪಷ್ಟ ಬಹುಮತ ಇದ್ದರೂ ದೆ ಗಾಸ್ಪೆರಿ ಸಣ್ಣ ಪಕ್ಷಗಳನ್ನು ಸರ್ಕಾರಕ್ಕೆ ಸೇರಿಸಿಕೊಂಡರು. ಒಬ್ಬರೇ ಆಳಿದರೆ ಬಿಷಪ್‌ಗಳ ಬೇಡಿಕೆಗೆ ಇಲ್ಲ ಅನ್ನಲು ನೆಪ ಇರುವುದಿಲ್ಲ. ಮೈತ್ರಿಯವರು ಒಪ್ಪುತ್ತಿಲ್ಲ ಅನ್ನಬಹುದು. ಈ ಉಪಾಯ ನಿಮ್ಮ ಪ್ರಧಾನಿಗೂ ಕಲಿಸಿ.

ಇಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಒಂದಿದೆ. ದೆ ಗಾಸ್ಪೆರಿ ಹುಟ್ಟಿದ್ದು ಟ್ರೆಂಟಿನೊದಲ್ಲಿ, ಆಗ ಅದು ಆಸ್ಟ್ರಿಯಾ. 1911ರಲ್ಲಿ ವಿಯೆನ್ನಾ ಸಂಸತ್ತಿನ ಸದಸ್ಯರೂ ಆಗಿದ್ದರು. 1950ರ ಮೇ 9ರಂದು ಫ್ರಾನ್ಸ್, ಜರ್ಮನಿ ಎರಡರ ಕಲ್ಲಿದ್ದಲು, ಉಕ್ಕನ್ನು ಒಂದೇ ಆಡಳಿತಕ್ಕೆ ತರೋಣ ಅಂದ ಫ್ರಾನ್ಸಿನ ವಿದೇಶಾಂಗ ಮಂತ್ರಿ ರಾಬರ್ಟ್ ಶೂಮನ್ ಹುಟ್ಟಿದ್ದು ಲಕ್ಸೆಂಬರ್ಗ್‌ನಲ್ಲಿ, ಮೊದಲ ಮಹಾಯುದ್ಧ ಮುಗಿಯುವವರೆಗೆ ಜರ್ಮನ್ ಪ್ರಜೆ. ಅಡೆನೌವರ್ ರೈನ್ ನದಿ ತೀರದವನು. ಮೂವರೂ ಗಡಿನಾಡಿನವರು, ಮೂವರಿಗೂ ಜರ್ಮನ್ ಬರುತ್ತಿತ್ತು. ಬೀದರ್, ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಡಳಿತ, 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯ, ಆಮೇಲೆ ಮೈಸೂರು. ಹಳೆ ಬೀದರ್ ಜಿಲ್ಲೆಯ ಕೆಲವು ತಾಲೂಕು ಆಂಧ್ರಕ್ಕೆ, ಕೆಲವು ಮರಾಠಿ ಸೀಮೆಗೆ ಹೋದವು. ನಮ್ಮ ಅಜ್ಜನ ಶಾಲೆಯ ಸರ್ಟಿಫಿಕೇಟ್ ಉರ್ದುವಿನಲ್ಲಿದೆ, ಅಪ್ಪನದು ಕನ್ನಡದಲ್ಲಿ, ಮನೆ ಮಾತ್ರ ಅದೇ ಓಣಿಯಲ್ಲಿ. ನಿಮ್ಮ ನಾಯಕನನ್ನು ರಾಜಧಾನಿಯಲ್ಲಿ ಹುಟ್ಟಿಸಬೇಡಿ. ಗಡಿ ಸರಿದಾಡಿದ ಊರಲ್ಲಿ ಹುಟ್ಟಿಸಿ.

ದೇಶ ಯುರೋಪಿನಲ್ಲೇ ಇರಬೇಕು ಅಂತೇನಿಲ್ಲ. ಚಿಲಿಯಲ್ಲಿ 1957ರಲ್ಲಿ ಹುಟ್ಟಿದ ಪಕ್ಷದ ಎದುವಾರ್ದೊ ಫ್ರೈ 1964ರಲ್ಲಿ ಅಧ್ಯಕ್ಷನಾಗಿ ಭೂಸುಧಾರಣೆಗೆ ಕೈ ಹಾಕಿದ. ಬಿಸಿಲು ನಾಡಿನ ದೇಶ ಕಟ್ಟುವವರು ಅತ್ತ ನೋಡಿ.

ಹಂತ 8: ಲೆಕ್ಕ ಹಾಕಿ

ಸುಮ್ನೆ ತೋಚಿದ ಅಂಕಿ ಬರೆಯಬೇಡಿ, ನನ್ನ 48ರ ಗತಿ ಆಗುತ್ತದೆ. ಹಂತ 1ರ ನೂರು ಜನರನ್ನು ಕರೆಯಿರಿ. 1919ರಲ್ಲಿ ವಾರವಾರ ಚರ್ಚಿಗೆ ಹೋಗುವ 30 ಜನರಲ್ಲಿ ನೂರಕ್ಕೆ 80ರಂತೆ 24 ಮತ. ಹೆಸರಿಗಷ್ಟೇ ಕ್ಯಾಥೊಲಿಕ್ ಆದ 30ರಲ್ಲಿ ನೂರಕ್ಕೆ 20ರಂತೆ 6. ಪ್ರಾಟೆಸ್ಟೆಂಟ್ 25ರಲ್ಲಿ ಬಹಳ ಆದರೆ 2. ಒಟ್ಟು 32. ಮತಕ್ಕೆ ತಕ್ಕ ಸೀಟು ಕೊಡುವ ಪದ್ಧತಿ ಇದ್ದರೆ 200 ಸೀಟಿನ ಸದನದಲ್ಲಿ 64.

1948ಕ್ಕೆ ಬನ್ನಿ. ಚರ್ಚಿನವರು ಅಷ್ಟೇ, 24. ಕಮ್ಯುನಿಸ್ಟ್ ಭಯಕ್ಕೆ ಹೆಸರಿನ ಕ್ಯಾಥೊಲಿಕರಲ್ಲಿ ನೂರಕ್ಕೆ 40 ಜನ ಬಂದರು, 12. ಪಕ್ಷ ಪ್ರಾಟೆಸ್ಟೆಂಟರಿಗೂ ಬಾಗಿಲು ತೆಗೆದಿದೆ, ನೂರಕ್ಕೆ 30ರಂತೆ 7.5. ಒಟ್ಟು 43.5. ಚಿನ್ನದ ಕಾಲ ಅಂದರೆ ಇದು. 1990ಕ್ಕೆ ಚರ್ಚಿಗೆ ಹೋಗುವವರು 12ಕ್ಕೆ ಇಳಿದರು ಅನ್ನಿ. ಅವರಿಂದ 9.6, ಕಮ್ಯುನಿಸ್ಟ್ ಭಯ ಹೋದದ್ದರಿಂದ ಉಳಿದ 48 ಜನರಿಂದ ಮತ್ತೆ ನೂರಕ್ಕೆ 20ರಂತೆ 9.6, ಪ್ರಾಟೆಸ್ಟೆಂಟರಿಂದ ನೂರಕ್ಕೆ 10ರಂತೆ 2.5. ಒಟ್ಟು 22ರ ಹತ್ತಿರ. ಪಕ್ಷ ಏನೂ ತಪ್ಪು ಮಾಡದಿದ್ದರೂ ಅರ್ಧ ಮತ ಕರಗಿಹೋಗಿದೆ. ಹುಡುಗ ಕ್ಯಾಲ್ಕುಲೇಟರ್ ಕೆಳಗಿಟ್ಟು "ಇಷ್ಟ ಸುಲಭ ಏನು ಕಾಕಾ!" ಅಂದ. ಇಷ್ಟೇ.

ಹಂತ 9: ಬೀಳಿಸಿ

ಬೀಳುವುದು ಒಂದೇ ದಿನಕ್ಕಲ್ಲ. ಇಟಲಿಯಲ್ಲಿ ವಿಚ್ಛೇದನ ಕಾಯ್ದೆ ರದ್ದು ಮಾಡಿ ಅಂತ 1974ರಲ್ಲಿ ಜನಮತ ಕೇಳಿದಾಗ ನೂರಕ್ಕೆ 59 ಜನ ಬೇಡ, ಕಾಯ್ದೆ ಇರಲಿ ಅಂದರು. ಪಕ್ಷಕ್ಕೆ ಮತ ಹಾಕುವವರೇ ಪಕ್ಷದ ಮಾತು ಕೇಳಲಿಲ್ಲ. 1978ರಲ್ಲಿ ಕಮ್ಯುನಿಸ್ಟರ ಜೊತೆ ರಾಜಿಗೆ ದಾರಿ ಮಾಡುತ್ತಿದ್ದ ಪಕ್ಷದ ನಾಯಕ ಆಲ್ಡೊ ಮೊರೊನನ್ನು ಎಡಪಂಥದ ಉಗ್ರರ ಗುಂಪು ರೆಡ್ ಬ್ರಿಗೇಡ್ಸ್ ಅಪಹರಿಸಿ 55 ದಿನದ ನಂತರ ಕೊಂದಿತು. 1989ರಲ್ಲಿ ಬರ್ಲಿನ್ ಗೋಡೆ ಬಿದ್ದ ಮೇಲೆ ಹೆದರಿಸಲು ಶತ್ರುವೂ ಉಳಿಯಲಿಲ್ಲ. 1992ರ ಫೆಬ್ರುವರಿಯಲ್ಲಿ ಮಿಲಾನ್‌ನಲ್ಲಿ ಒಂದು ಲಂಚ ಪ್ರಕರಣ ಸಿಕ್ಕಿ, ಎಳೆ ಹಿಡಿದು ಎಳೆದಂತೆ ಇಡೀ ವ್ಯವಸ್ಥೆ ಹೊರಬಂತು. 1994ರ ಜನವರಿಯಲ್ಲಿ ಐವತ್ತು ವರ್ಷ ಆಳಿದ ಪಕ್ಷ ಬೋರ್ಡು ತೆಗೆಯಿತು.

ನೆದರ್ಲೆಂಡ್ಸ್‌ನಲ್ಲಿ ಹಗರಣವೇನೂ ಇರಲಿಲ್ಲ. ಕ್ಯಾಥೊಲಿಕ್ ಪಕ್ಷ 1963ರಲ್ಲಿ 50 ಸೀಟು, 1972ರಲ್ಲಿ 27. ಚರ್ಚು ಖಾಲಿಯಾದಂತೆ ಸೀಟೂ ಖಾಲಿ. ಕೊನೆಗೆ 1980ರಲ್ಲಿ ಕ್ಯಾಥೊಲಿಕ್ ಪಕ್ಷ, ಕೈಪರ್ ಕಟ್ಟಿದ ಪಕ್ಷ, ಇನ್ನೊಂದು ಪ್ರಾಟೆಸ್ಟೆಂಟ್ ಪಕ್ಷ ಮೂರೂ ಸೇರಿ ಸಿಡಿಎ ಆದವು. ಅದೂ 1994ರಲ್ಲಿ 54ರಿಂದ 34ಕ್ಕೆ ಕುಸಿಯಿತು. 1918ರ ನಂತರ ಮೊದಲ ಸಲ ಕ್ರೈಸ್ತ ಪಕ್ಷಗಳಿಲ್ಲದ ಸರ್ಕಾರ ಬಂತು. ಜರ್ಮನಿಯ ಪಕ್ಷ ಮಾತ್ರ ಗಟ್ಟಿ ಉಳಿಯಿತು. ಮೂರರಲ್ಲಿ ಒಂದು ದಾರಿ ಆರಿಸಿಕೊಳ್ಳಿ: ಹಗರಣ, ವಿಲೀನ, ಇಲ್ಲಾ ಹೆಸರು ಉಳಿಸಿಕೊಂಡು ಸಾಮಾನ್ಯ ಬಲಪಂಥದ ಪಕ್ಷವಾಗುವುದು.

ನಾವು ವಿಲೀನ ಆರಿಸಿದೆವು. ಬಾವುಟದ ಬಣ್ಣ, ಚಿಹ್ನೆ, ಪಕ್ಷದ ಗೀತೆ ಇವನ್ನೆಲ್ಲ ಕೊನೆಯ ದಿನ ಒಂದು ತಾಸಿನಲ್ಲಿ ಮುಗಿಸಿ, ಮೊದಲೇ ಹಿಡಿದು ಕೂತರೆ ಅಲ್ಲೇ ಬೇಸಿಗೆ ಮುಗಿಯುತ್ತದೆ.

ಅಲಾಂದಿಯಾದಲ್ಲಿ ಉಳಿದದ್ದು ಒಂದೇ ತಕರಾರು. ಪಕ್ಷ ವಿಲೀನವಾದಾಗ ಚಿಂಕೋಲ್‌ನ ಆ ಕೊಟ್ಟಿಗೆ ಏನಾಗಬೇಕು? ಅಷ್ಟೊತ್ತಿಗೆ ಅದು ಎರಡು ಮಹಡಿಯ ಪಕ್ಷದ ಕಚೇರಿ. ವಸ್ತುಸಂಗ್ರಹಾಲಯ ಆಗಲಿ, ಮುಕ್ಕಾಲಿ ಪಟ್ಟಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡೋಣ ಅಂತ ನಾನು. ಹುಡುಗ ನಾನಿಲ್ಲದಾಗ ಕಡತದಲ್ಲಿ ಬರೆದುಬಿಟ್ಟಿದ್ದಾನೆ: ಕಟ್ಟಡವನ್ನು ಮದುವೆ ಹಾಲ್ ಮಾಡಿ ಬಾಡಿಗೆಗೆ ಕೊಡಲಾಯಿತು, ವಹಿ ಕಪಾಟಿನಲ್ಲಿದೆ, ಕಪಾಟಿನ ಕೀಲಿ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿಲ್ಲ.